ಆ ಹದಿನೈದು ದಿನ ಇನ್ನೂ ಮುಗಿದಿಲ್ಲ

ಸಂಚಾರ ವಿಭಾಗದ ಹಿರಿಯ ಅಧಿಕಾರಿಯೊಬ್ಬರಿಗೆ ಹಚ್ಚೊಳ್ಳಿಯಿಂದ ಬಹಿರಂಗ ಪತ್ರ

ಮಾನ್ಯರೇ,

ತಮ್ಮ ಹೆಸರನ್ನಾಗಲಿ, ತಮ್ಮ ಕಚೇರಿ ಇರುವ ಊರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ಓದಿದರೆ ತಮಗೇ ಗೊತ್ತಾಗುತ್ತದೆ. 2025ರ ಯುಗಾದಿ ಇನ್ನೊಂದು ವಾರ ಇತ್ತು. ಜನರ ಅಹವಾಲು ಕೇಳುವ ದಿನವೆಂದು ತಿಳಿದು, ರಾತ್ರಿ ಬಸ್ಸಿಗೆ ಬಂದಿಳಿದು, ಮಧ್ಯಾಹ್ನದವರೆಗೂ ತಮ್ಮ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದ ಸಿರುಗುಪ್ಪ ತಾಲ್ಲೂಕಿನ ರೈತ ನಾನು. ತಾವು ನನ್ನನ್ನು ಕೂರಿಸಿ ಮಾತಾಡಿಸಿದಿರಿ. ದಂಡದ ನೋಟಿಸಿನ ಜೊತೆಗಿದ್ದ ಫೋಟೊ ನೋಡಿದಿರಿ, ಆರ್‌ಸಿ ನೋಡಿದಿರಿ. "ಇದು ನಿಮ್ಮ ಗಾಡಿ ಅಲ್ಲ, ನೋಡಿದರೇ ಗೊತ್ತಾಗುತ್ತೆ. ಹದಿನೈದು ದಿನ ಕೊಡಿ, ದಂಡ ನಾನೇ ತೆಗೆಸ್ತೀನಿ. ಇದಕ್ಕೋಸ್ಕರ ಮತ್ತೆ ಇಷ್ಟು ದೂರ ಬರಬೇಡಿ" ಅಂದಿರಿ. ಕೈಮುಗಿದು ಹೊರಗೆ ಬಂದೆ. ತಮ್ಮ ಮಾತಿನ ಮೇಲೆ ನಂಬಿಕೆಯಿಟ್ಟು ಮತ್ತೆ ಬರಲಿಲ್ಲ.

ಆಮೇಲೆ ಎರಡು ರಿಜಿಸ್ಟರ್ಡ್ ಪತ್ರ ಬರೆದೆ, ಒಂದು ಸ್ಪೀಡ್ ಪೋಸ್ಟ್ ಕಳಿಸಿದೆ. ಫೋನು ಎಷ್ಟು ಸಲ ಮಾಡಿದೆನೋ ಲೆಕ್ಕವಿಟ್ಟಿಲ್ಲ. ತಮ್ಮ ಕಚೇರಿಯ ಸೀಲು ಬಿದ್ದ ಸ್ವೀಕೃತಿ ಕಾರ್ಡುಗಳು ಬಂದವು, ಉತ್ತರ ಬರಲಿಲ್ಲ. ಅದಕ್ಕೇ ನಾಲ್ಕು ಜನರ ಮುಂದೆ ಈ ಪತ್ರ ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. 2024ರ ದೀಪಾವಳಿ ಮುಗಿದ ವಾರ, ಭತ್ತದ ಕೊಯ್ಲಿಗೆ ಮಿಷನ್ ಹುಡುಕುತ್ತಿದ್ದಾಗ, ಅಂಚೆಯವರು ಒಂದು ನೋಟಿಸು ತಂದುಕೊಟ್ಟರು. ಕೆಎ 34 ನೋಂದಣಿಯ ನನ್ನ ಗಾಡಿ ತಮ್ಮ ಕಚೇರಿಯಿರುವ ನಗರದಲ್ಲಿ ಎರಡು ಸಲ ಹೆಲ್ಮೆಟ್ ಇಲ್ಲದೆ ಓಡಿದೆ, ಒಂದು ಸಲ ಸಿಗ್ನಲ್ ದಾಟಿದೆ, ಮೂರಕ್ಕೂ ತಲಾ 500ರಂತೆ 1,500 ರೂಪಾಯಿ ದಂಡ ಎಂದಿತ್ತು. ಮೊದಲನೆಯ ತಪ್ಪಿನ ದಿನ 12 ಆಗಸ್ಟ್ 2024, ಸೋಮವಾರ, ಬೆಳಿಗ್ಗೆ 9 ಗಂಟೆ 40 ನಿಮಿಷ.

ಆ ಸೋಮವಾರವನ್ನು ನಮ್ಮ ಸೀಮೆಯಲ್ಲಿ ಯಾರೂ ಮರೆತಿಲ್ಲ. ಶನಿವಾರ ರಾತ್ರಿ ಹೊಸಪೇಟೆಯ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಗಿತ್ತು. ತುಂಬಿದ್ದ ಜಲಾಶಯದ ನೀರು ಹೊಳೆಗೆ ಹರಿಯುತ್ತಿತ್ತು. ನಾಟಿ ಮಾಡಿ ಕೂತಿದ್ದ ನಾವೆಲ್ಲ ಕಾಲುವೆಗೆ ಇನ್ನು ನೀರು ಬರುತ್ತದೋ ಇಲ್ಲವೋ ಎಂದು ಊಟ ಬಿಟ್ಟು ಕೂತಿದ್ದೆವು. ಆ ಬೆಳಿಗ್ಗೆ ನಾನು ಸಿರುಗುಪ್ಪದ ಗೊಬ್ಬರದ ಅಂಗಡಿಯಲ್ಲಿದ್ದೆ. ರಸೀದಿ ಇದೆ, ತಮಗೆ ತೋರಿಸಿದ್ದೇನೆ. ಅಂಗಡಿ ಮುಂದೆ ನಿಂತಿದ್ದವರಿಗೆಲ್ಲ ಒಂದೇ ಮಾತು, ಗೇಟಿನ ಮಾತು. ಅಂಥ ದಿನ ಹೊಲ ಬಿಟ್ಟು, ರಾತ್ರಿಯಿಡೀ ಬಸ್ಸಿನಲ್ಲಿ ಕೂತರೆ ಬೆಳಗಾಗುವ ದೂರಕ್ಕೆ ಹದಿಮೂರು ವರ್ಷದ ಹಳೇ ಬೈಕು ಹೊಡೆದುಕೊಂಡು ಹೋಗಿ, ಹೆಲ್ಮೆಟ್ ಇಲ್ಲದೆ ತಿರುಗಿ, ಸಂಜೆಗೆ ಊರಲ್ಲಿ ಪ್ರತ್ಯಕ್ಷನಾದೆನೇ?

ಅದೂ ಹೋಗಲಿ. ರಸೀದಿ ಬೇಡ, ಸಾಕ್ಷಿಯೂ ಬೇಡ, ನೋಟಿಸಿನ ಜೊತೆಗಿದ್ದ ಫೋಟೊ ಒಂದೇ ಸಾಕು. ನನ್ನದು 2011ರಲ್ಲಿ ಅಪ್ಪ ಕೊಂಡ ಸ್ಪ್ಲೆಂಡರ್ ಬೈಕು. ಫೋಟೊದಲ್ಲಿರುವುದು ಸ್ಕೂಟರ್. ಮೂರೂ ಫೋಟೊಗಳಲ್ಲಿ ಅದೇ ಸ್ಕೂಟರ್. ಯಾವನೋ ತನ್ನ ಗಾಡಿಗೆ ನನ್ನ ನಂಬರು ಬರೆಸಿಕೊಂಡು ತಿರುಗುತ್ತಿದ್ದಾನೆ. ನೋಂದಣಿ ಸಂಖ್ಯೆ ಹೊಡೆದರೆ ವಾಹನದ ಮಾದರಿ ಕಂಪ್ಯೂಟರಿನಲ್ಲೇ ಬರುತ್ತದೆ. ದಂಡ ಹಾಕುವ ಮುಂಚೆ ಒಬ್ಬ ಮನುಷ್ಯ ಒಂದು ನಿಮಿಷ ಆ ಫೋಟೊ ನೋಡಿದ್ದರೆ ಈ ನೋಟಿಸು ಹಚ್ಚೊಳ್ಳಿಗೆ ಬರುತ್ತಲೇ ಇರಲಿಲ್ಲ.

ಇನ್ನು ನಂಬರ್ ಪ್ಲೇಟಿನ ಮಾತು. 2023ರ ಆಗಸ್ಟ್‌ನಲ್ಲಿ ಸರ್ಕಾರ ಆದೇಶ ಹೊರಡಿಸಿತು. 2019ರ ಏಪ್ರಿಲ್ 1ಕ್ಕೆ ಮುಂಚೆ ನೋಂದಣಿಯಾದ ಗಾಡಿಗಳಿಗೆಲ್ಲ ಅತಿ ಸುರಕ್ಷಿತ ನೋಂದಣಿಯ, ಅಂದರೆ ಎಚ್‌ಎಸ್‌ಆರ್‌ಪಿ ಫಲಕ ಹಾಕಿಸಬೇಕು, ಹಾಕಿಸಿದರೆ ನಕಲಿ ನಂಬರಿನ ಕಾಟ ತಪ್ಪುತ್ತದೆ ಎಂದರು. ನಾನು ನಂಬಿ, ದುಡ್ಡು ಕಟ್ಟಿ, 2024ರ ಫೆಬ್ರವರಿಯಲ್ಲೇ ಹಾಕಿಸಿದೆ. ಅಶೋಕ ಚಕ್ರದ ಹಾಲೋಗ್ರಾಂ, ಲೇಸರಿನಲ್ಲಿ ಕೊರೆದ ಸಂಖ್ಯೆ, ಬಿಚ್ಚಿದರೆ ಮುರಿಯುವ ಲಾಕು, ಎಲ್ಲ ಇದೆ. ಆ ಸ್ಕೂಟರಿನ ಮೇಲಿರುವುದು ಬೀದಿಬದಿಯಲ್ಲಿ ಬರೆಸಿದ ಸಾದಾ ಫಲಕ. ಫೋಟೊದಲ್ಲಿ ಅದೂ ಕಾಣುತ್ತದೆ. ಸರ್ಕಾರದ ಮಾತು ಕೇಳಿ ಅಸಲಿ ಫಲಕ ಹಾಕಿಸಿದ ನನಗೆ ದಂಡ. ನಕಲಿ ಫಲಕದವನು ಇವತ್ತಿಗೂ ಆರಾಮಾಗಿ ತಿರುಗುತ್ತಿದ್ದಾನೆ. ನಾಳೆ ಅವನು ಯಾರಿಗಾದರೂ ಗುದ್ದಿ ಓಡಿಹೋದರೆ ಪೊಲೀಸರು ಬರುವುದು ನನ್ನ ಮನೆಗೆ. ಈ ಭಯದ ಮಾತು ಹೇಳಿದಾಗಲೇ ತಾವು "ಹದಿನೈದು ದಿನ" ಅಂದದ್ದು.

ಹೆಲ್ಮೆಟ್ ಮಾತು ನನಗೆ ಯಾಕೆ ಇಷ್ಟು ನಾಟಿತು ಎಂಬುದನ್ನು ಅಂದು ತಮಗೆ ಹೇಳಿರಲಿಲ್ಲ, ಈಗ ಹೇಳುತ್ತೇನೆ. 2017ರ ಸುಗ್ಗಿಯಲ್ಲಿ ನನ್ನ ತಮ್ಮ ರಾತ್ರಿ ಹೊಲದಿಂದ ಬರುವಾಗ, ಕತ್ತಲಲ್ಲಿ ರಸ್ತೆ ಮೇಲೆ ನಿಲ್ಲಿಸಿದ್ದ ಭತ್ತದ ಟ್ರಾಲಿಗೆ ಹಿಂದಿನಿಂದ ಗುದ್ದಿ ತೀರಿಕೊಂಡ. ಟ್ರಾಲಿಗೆ ಕೆಂಪು ದೀಪ ಇರಲಿಲ್ಲ, ಹೊಳೆಯುವ ಪಟ್ಟಿಯೂ ಇರಲಿಲ್ಲ. ಅವನ ಹೆಲ್ಮೆಟ್ ಮನೆಯ ಗೂಟಕ್ಕೆ ತೂಗುಬಿದ್ದಿತ್ತು. ಅಂದಿನಿಂದ ನಾನು ಹೊಲಕ್ಕೆ ಹೋಗುವಾಗಲೂ ಹೆಲ್ಮೆಟ್ ಬಿಟ್ಟಿಲ್ಲ. ಊರಲ್ಲಿ ಹುಡುಗರನ್ನು ನಿಲ್ಲಿಸಿ ಬೈದು ಹಾಕಿಸಿದ್ದೇನೆ. ಅಂಥ ನನ್ನ ಹೆಸರಿನ ಮುಂದೆ ಸರ್ಕಾರದ ಕಡತದಲ್ಲಿ "ಹೆಲ್ಮೆಟ್ ಧರಿಸದೆ ಚಾಲನೆ" ಎಂದು ಎರಡು ಸಲ ಬರೆದಿದೆ. ನಮ್ಮ ಅವ್ವ ಆ ನೋಟಿಸನ್ನು ಓದಿಸಿಕೊಂಡು, "ನೀನೂ ಬಿಟ್ಟಿಯೇನೋ?" ಅಂದಳು. ಇದಕ್ಕೆ ಯಾವ ಕೌಂಟರಿನಲ್ಲಿ ರಿಯಾಯಿತಿ ಸಿಗುತ್ತದೆ?

ರಿಯಾಯಿತಿಯ ಮಾತಿಗೇ ಬರುತ್ತೇನೆ. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಎಂದು ಸರ್ಕಾರ ಸಾರಿತು. ತಮ್ಮ ಹದಿನೈದು ದಿನ ಮುಗಿದು ಆಗಲೇ ನಾಲ್ಕು ತಿಂಗಳು ಕಳೆದಿತ್ತು. ತಮ್ಮ ಕಚೇರಿಗೆ ಫೋನು ಮಾಡಿದೆ. ಎತ್ತಿದವರು, "ಅರ್ಧ ಆಫರ್ ಬಂದಿದೆಯಲ್ಲ, ಕಟ್ಟಿ ಮುಗಿಸಿ. 750 ರೂಪಾಯಿಗೆ ಯಾಕೆ ಇಷ್ಟು ಒದ್ದಾಡ್ತೀರಿ?" ಅಂದರು. "ಸಾಹೇಬರು ತೆಗೆಸ್ತೀನಿ ಅಂದಿದ್ದರು" ಅಂದೆ. "ಯಾವ ಸಾಹೇಬರು?" ಎಂದು ಕೇಳಿ ಫೋನು ಇಟ್ಟರು.

750 ರೂಪಾಯಿ ನಮಗೆ ಸಣ್ಣದಲ್ಲ. ಡ್ಯಾಮಿನ ಗೇಟುಗಳನ್ನೆಲ್ಲ ಬದಲಿಸಬೇಕೆಂದು 2025-26ರಲ್ಲಿ ಎರಡನೇ ಬೆಳೆಗೆ ನೀರು ಬಿಡಲಿಲ್ಲ, ಗದ್ದೆಗಳು ಬಣಗುಟ್ಟಿದವು. ಆದರೆ ದುಡ್ಡು ನನ್ನ ತಕರಾರಲ್ಲ. ಅರ್ಧ ಕಟ್ಟಿದರೂ ತಪ್ಪು ಪೂರ್ತಿ ಒಪ್ಪಿಕೊಂಡಂತೆ. ಇದು ನಿಮ್ಮ ಇಲಾಖೆಯಲ್ಲಿ ಯಾರಿಗೂ ಹೊಳೆಯುವುದಿಲ್ಲವೇ?

ಕಟ್ಟುವವನಿಗೆ ಎಷ್ಟು ಬಾಗಿಲು ತೆರೆದಿದ್ದೀರಿ ನೋಡಿ. ಫೋನಿನಲ್ಲೇ ಕಟ್ಟಬಹುದು, ಕರ್ನಾಟಕ ಒನ್ ಕೇಂದ್ರಗಳಲ್ಲಿ ಕಟ್ಟಬಹುದು, ಠಾಣೆಯಲ್ಲಿ, ರಸ್ತೆಯಲ್ಲಿ ನಿಂತ ಅಧಿಕಾರಿಯ ಬಳಿ, ಲೋಕ ಅದಾಲತ್ತಿನಲ್ಲಿ ಕಟ್ಟಬಹುದು. ಮೋಟಾರು ವಾಹನ ಕಾಯ್ದೆಯ 208ನೇ ಕಲಮಿನ ಪ್ರಕಾರ, ಕೋರ್ಟಿನಿಂದ ಸಮನ್ಸ್ ಬಂದಮೇಲೂ ತಪ್ಪೊಪ್ಪಿಕೊಂಡು ರಿಜಿಸ್ಟರ್ಡ್ ಪತ್ರ ಬರೆದು ದಂಡ ಕಳಿಸಲು ಅವಕಾಶವುಂಟು. ತಪ್ಪು ಮಾಡಿಲ್ಲ ಎನ್ನುವವನ ಕಾಗದಕ್ಕೆ ಅಂಥ ಬೆಲೆ ಇಲ್ಲ. ವರ್ಚುವಲ್ ಕೋರ್ಟಿನಲ್ಲಿ "ಕಟ್ಟುತ್ತೇನೆ" ಎಂದರೆ ಅಲ್ಲಿಗೇ ಮುಗಿಯಿತು. "ಒಪ್ಪುವುದಿಲ್ಲ" ಎಂದರೆ ಕೇಸು ತಪ್ಪು ನಡೆಯಿತೆನ್ನುವ ಊರಿನ ಕೋರ್ಟಿಗೆ ಹೋಗುತ್ತದೆ. ನಾನು ಕಾಲಿಡದ ರಸ್ತೆಯಲ್ಲಿ ಮಾಡದ ತಪ್ಪಿಗೆ, ಗೊತ್ತಿಲ್ಲದ ಊರಿನಲ್ಲಿ ವಕೀಲರನ್ನು ಹಿಡಿದು, ವಾಯಿದೆಗೊಮ್ಮೆ ಬಸ್ಸು ಹತ್ತಬೇಕು. ಒಂದು ಸಲ ಹೋಗಿ ಬರುವ ಖರ್ಚೇ ದಂಡವನ್ನು ಮೀರುತ್ತದೆ. ಹಳ್ಳಿಯವರು ಇಷ್ಟು ಲೆಕ್ಕ ಹಾಕಿಯೇ ಕಟ್ಟಿ ಕೈತೊಳೆದುಕೊಳ್ಳುತ್ತಾರೆ. ಹಾಗೆ ಕಟ್ಟಿದ್ದನ್ನು ನೀವು ವಸೂಲಿಯ ಲೆಕ್ಕಕ್ಕೆ ಸೇರಿಸಿಕೊಂಡು ಪತ್ರಿಕೆಗೆ ಕೊಡುತ್ತೀರಿ. 2023ರ ಫೆಬ್ರವರಿಯ ರಿಯಾಯಿತಿಯಲ್ಲಿ ಬೆಂಗಳೂರು ಒಂದರಲ್ಲೇ ಒಂಬತ್ತು ದಿನಕ್ಕೆ 120 ಕೋಟಿ ಬಂತೆಂದು ನಾವೂ ಓದಿದೆವು. ಅದರಲ್ಲಿ ನನ್ನಂಥವರ ದುಡ್ಡು ಎಷ್ಟಿತ್ತೆಂದು ಯಾರಾದರೂ ಎಣಿಸಿದ್ದಾರೆಯೇ?

ಹದಿನೈದು ದಿನ ಎಂಬ ಮಾತು ನಿಯಮದಲ್ಲೂ ಇದೆ. 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ 167ಎ ಪ್ರಕಾರ, ಕ್ಯಾಮೆರಾದಲ್ಲಿ ಸಿಕ್ಕ ತಪ್ಪಿಗೆ ಹದಿನೈದು ದಿನದೊಳಗೆ ನೋಟಿಸು ಕಳಿಸಬೇಕು. ನನಗೆ ಬಂದದ್ದು ಮೂರು ತಿಂಗಳಿಗೆ. ನಾನು ಒಂದು ಸಿಗ್ನಲ್ಲಿನಲ್ಲಿ ಒಂದು ಸೆಕೆಂಡು ತಪ್ಪಿದರೆ 500 ರೂಪಾಯಿ. ನೀವು ನಿಯಮದ ಹದಿನೈದು ದಿನ ತಪ್ಪಿದರೆ, ಆಡಿದ ಹದಿನೈದು ದಿನ ತಪ್ಪಿದರೆ ಏನೂ ಇಲ್ಲ. ಮೋಟಾರು ವಾಹನ ಕಾಯ್ದೆಯ 210ಬಿ ಕಲಂ, ಕಾಯ್ದೆ ಜಾರಿ ಮಾಡುವ ಅಧಿಕಾರಿಯೇ ತಪ್ಪು ಮಾಡಿದರೆ ದುಪ್ಪಟ್ಟು ದಂಡ ಎನ್ನುತ್ತದೆ. ಅದನ್ನು ಬರೆದವರಿಗೆ ಕಾರಣ ಗೊತ್ತಿತ್ತು.

ಮಾತು ಕೊಟ್ಟು ಮರೆಯುವುದು ಇಲಾಖೆಗೆ ಹೊಸದೂ ಅಲ್ಲ. ಕಣ್ಣಿಗೆ ಕಾಣುವ ತಪ್ಪಿಲ್ಲದಿದ್ದರೆ ಬರೀ ದಾಖಲೆ ನೋಡಲು ಗಾಡಿ ನಿಲ್ಲಿಸಬಾರದು ಎಂದು 2022ರ ಜೂನ್‌ನಲ್ಲಿ ಅಂದಿನ ಡಿಜಿಪಿ ಪ್ರವೀಣ್ ಸೂದ್ ಹೇಳಿದ್ದರು. ಮೂರು ವರ್ಷವಾದ ಮೇಲೆ, 2025ರ ಮೇ 26ರಂದು, ಮಂಡ್ಯದಲ್ಲಿ ತಪಾಸಣೆಗೆಂದು ಪೊಲೀಸರು ಬೈಕು ತಡೆದಾಗ ತಂದೆತಾಯಿಯ ಜೊತೆ ಆಸ್ಪತ್ರೆಗೆ ಹೊರಟಿದ್ದ ಮೂರು ವರ್ಷದ ಕೂಸು ಬಿದ್ದು ಲಾರಿಗೆ ಸಿಕ್ಕಿ ಸತ್ತಿತು. ಆಮೇಲೆ ಮತ್ತೆ ಅದೇ ಸೂಚನೆ ಹೊರಟಿತು: ಏಕಾಏಕಿ ನಿಲ್ಲಿಸಬೇಡಿ, ಕೀ ಕಿತ್ತುಕೊಳ್ಳಬೇಡಿ. ಮೊದಲ ಸಲ ಆಡಿದ ಮಾತು ರಸ್ತೆಗೆ ಇಳಿದಿದ್ದರೆ ಎರಡನೇ ಸಲ ಹೇಳಬೇಕಾಗುತ್ತಿತ್ತೇ?

ನಮ್ಮ ಕಡೆಯ ರಸ್ತೆಗೆ ಬಂದು ಒಮ್ಮೆ ನೋಡಿ. ಸುಗ್ಗಿಯಲ್ಲಿ ರೈಸ್‌ಮಿಲ್ಲುಗಳ ಕಡೆ ಹೋಗುವ ಲಾರಿಗಳು ಲಾರಿಯ ಎತ್ತರಕ್ಕೆ ಇನ್ನೊಂದು ಲಾರಿಯ ಎತ್ತರ ಹೇರಿಕೊಂಡು ವಾಲಾಡುತ್ತ ಹೋಗುತ್ತವೆ. ಹೆಚ್ಚಿನ ಭಾರಕ್ಕೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000 ಎಂದು ಕಾಯ್ದೆಯಲ್ಲಿದೆ. ದೀಪವಿಲ್ಲದ ಟ್ರಾಲಿಗಳು ಈಗಲೂ ಕತ್ತಲಲ್ಲಿ ನಿಂತಿರುತ್ತವೆ. ನಮ್ಮ ರೈತರೂ ಟಾರು ರಸ್ತೆಯ ಅರ್ಧಕ್ಕೆ ಭತ್ತ ಹರವಿ, ಸುತ್ತ ಕಲ್ಲಿಟ್ಟು ಹೋಗುತ್ತಾರೆ. ಅದೂ ತಪ್ಪೇ, ಒಕ್ಕಲು ಕಣವಿಲ್ಲವೆಂದು ಜೀವ ತೆಗೆಯಬಾರದು. ರಸ್ತೆ ಕೆಟ್ಟದಾಗಿ ಮಾಡಿ ಜೀವಹಾನಿಯಾದರೆ ಗುತ್ತಿಗೆದಾರನಿಗೂ ಅಧಿಕಾರಿಗೂ ಲಕ್ಷ ರೂಪಾಯಿವರೆಗೆ ದಂಡ ಎಂದು 198ಎ ಕಲಂ ಇದೆ. ಇದರಡಿ ದಂಡ ಕಟ್ಟಿದವರೊಬ್ಬರನ್ನೂ ನಾನು ಕಂಡಿಲ್ಲ. ನನ್ನ ತಮ್ಮನನ್ನು ಕೊಂದ ಕತ್ತಲಿಗೆ ಯಾವ ಕ್ಯಾಮೆರಾವೂ ಇಲ್ಲ. ನೂರಾರು ಮೈಲಿ ಆಚೆಯ ಸ್ಕೂಟರಿಗೆ ಕ್ಯಾಮೆರಾ ಇದೆ, ಅದರ ಫೋಟೊ ಮಾತ್ರ ನೋಡುವವರಿಲ್ಲ.

2026ರ ಜೂನ್‌ಗೆ ನನ್ನ ಗಾಡಿಗೆ ಹದಿನೈದು ವರ್ಷ. ನೋಂದಣಿ ನವೀಕರಿಸಬೇಕು. ಆರ್‌ಟಿಒ ಕಚೇರಿಯಲ್ಲಿ ಕೇಳಿದರೆ, "ಬಾಕಿ ಚಲನ್ ತೋರಿಸ್ತದ್ರೀ, ಮೊದಲು ಕಟ್ಟಿ ಬರ್ರಿ" ಅಂದರು. ಅಪ್ಪನ ಗಾಡಿ. ಅವನು ಹೋದಮೇಲೆ ಉಳಿದಿರುವುದು ಇದೊಂದು. ಕಟ್ಟದಿದ್ದರೆ ಓಡಿಸುವಂತಿಲ್ಲ, ಕಟ್ಟಿದರೆ ನಾನು ಹೆಲ್ಮೆಟ್ ಹಾಕದವನು, ಸಿಗ್ನಲ್ ಮುರಿದವನು. ಈ ಇಕ್ಕಟ್ಟಿಗೆ ನನ್ನನ್ನು ನೂಕಿದವರು ಆ ಸ್ಕೂಟರಿನವನಲ್ಲ. ಅವನು ಕಳ್ಳ, ಅವನಿಂದ ನಾನು ಏನನ್ನೂ ನಿರೀಕ್ಷಿಸಿರಲಿಲ್ಲ. ಮಾತು ಕೊಟ್ಟವರು ನೀವು.

ಈಗ ಕೇಳುತ್ತೇನೆ. ಮೂರೂ ಚಲನ್ ರದ್ದಾಗಿವೆ ಎಂದು ಸಹಿ ಮಾಡಿದ ಒಂದು ಕಾಗದ ಬೇಕು, ಬಾಯಿಮಾತು ಬೇಡ. ಆ ಸ್ಕೂಟರನ್ನು ಹುಡುಕಿ. ಹೋಗುವ ರಸ್ತೆ, ಹೊತ್ತು ಎರಡೂ ನಿಮ್ಮ ಕ್ಯಾಮೆರಾದಲ್ಲೇ ಇವೆ. ಫೋಟೊದ ಗಾಡಿಯೂ ನೋಂದಣಿಯ ಗಾಡಿಯೂ ಒಂದೇ ಎಂದು ಒಬ್ಬರು ಕಣ್ಣಲ್ಲಿ ನೋಡದೆ ಯಾರಿಗೂ ನೋಟಿಸು ಕಳಿಸಬೇಡಿ. ಇನ್ನು ನಮ್ಮ ಹಚ್ಚೊಳ್ಳಿಯಲ್ಲೂ ಪೊಲೀಸ್ ಠಾಣೆ ಇದೆ. ಗಾಡಿ ಇಲ್ಲಿದೆ, ಮಾಲೀಕ ಇಲ್ಲಿದ್ದಾನೆ. ಇಲ್ಲಿನ ಅಧಿಕಾರಿ ಬಂದು ನೋಡಿ ಬರೆದುಕೊಟ್ಟ ವರದಿಯನ್ನು ಯಾವ ಊರಿನ ಸಂಚಾರ ಪೊಲೀಸರಾದರೂ ಒಪ್ಪುವಂತೆ ಮಾಡಿದರೆ, ರಾಜ್ಯದ ಯಾವ ಹಳ್ಳಿಯವನೂ ನನ್ನಂತೆ ರಾತ್ರಿ ಬಸ್ಸು ಹತ್ತಬೇಕಿಲ್ಲ. ದಂಡ ಕಟ್ಟಿಸಿಕೊಳ್ಳಲು ಇಡೀ ರಾಜ್ಯ ಒಂದೇ ಕಂಪ್ಯೂಟರು ಎನ್ನುತ್ತೀರಿ, ದೂರು ಕೇಳಲು ಮಾತ್ರ ಊರೂರಿಗೆ ಬೇರೆ ಎಂದರೆ ಹೇಗೆ?

ಸಾಹೇಬರೇ, ಮುಂದಿನ ರಿಯಾಯಿತಿ ಬಂದಾಗ ನನಗೆ ಫೋನಿನಲ್ಲಿ ಹೇಳಬೇಡಿ. ಅರ್ಧ ಅಲ್ಲ, ಒಂದು ರೂಪಾಯಿಗೆ ಇಳಿಸಿದರೂ ನಾನು ಕಟ್ಟುವುದಿಲ್ಲ. ಗಾಡಿ ಹಚ್ಚೊಳ್ಳಿಯಲ್ಲಿ ನನ್ನ ಮನೆಯ ಮುಂದೆ ನಿಂತಿದೆ, ಹೆಲ್ಮೆಟ್ ಅದರ ಹ್ಯಾಂಡಲಿಗೆ ಇದೆ. ಯಾರನ್ನಾದರೂ ಕಳಿಸಿ, ನೋಡಿಕೊಂಡು ಹೋಗಲಿ.

ಇಂತಿ,
ಹಚ್ಚೊಳ್ಳಿಯ ಒಬ್ಬ ರೈತ
ಸಿರುಗುಪ್ಪ ತಾಲ್ಲೂಕು, ಬಳ್ಳಾರಿ ಜಿಲ್ಲೆ