ನಮ್ಮ ಶಾಲೆಗಳಲ್ಲಿ ಉಳಿದುಹೋದ ಕ್ವಾರಂಟೈನಿನ ಲೆಕ್ಕ: ಆರೋಗ್ಯ ಸಚಿವರಿಗೆ ಮಿಜಾರಿನಿಂದ ಬಹಿರಂಗ ಪತ್ರ

ಮಾನ್ಯ ಶ್ರೀ ದಿನೇಶ್ ಗುಂಡೂರಾವ್ ಅವರಿಗೆ,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು, ದಕ್ಷಿಣ ಕನ್ನಡ ಜಿಲ್ಲಾ ಉಸ್ತುವಾರಿ ಸಚಿವರು



ರಾಜ್ಯದ ಆರೋಗ್ಯ ಖಾತೆ, ನಮ್ಮ ಜಿಲ್ಲೆಯ ಉಸ್ತುವಾರಿ ಎರಡೂ ತಮ್ಮ ಕೈಯಲ್ಲೇ ಇವೆ. ಹಾಗಾಗಿ ಈ ಪತ್ರ ತಮಗೇ ಸಲ್ಲಬೇಕಾದದ್ದು. ಕೊರೊನಾ ಬಂದ 2020ರಲ್ಲಿ ತಾವು ಅಧಿಕಾರದಲ್ಲಿರಲಿಲ್ಲ, ಆಗಿನ ತಪ್ಪುಗಳನ್ನು ತಮ್ಮ ತಲೆಗೆ ಕಟ್ಟುವ ಉದ್ದೇಶ ನನಗಿಲ್ಲ. ಆದರೆ ಮುಂದಿನ ರೋಗ ಬಂದಾಗ ಮತ್ತೆ ಇವೇ ಹಳ್ಳಿಗಳ ಇವೇ ಶಾಲೆಗಳ ಬೀಗ ತೆಗೆಸಿ ಜನರನ್ನು ಒಳಗೆ ಹಾಕುವ ಆದೇಶಕ್ಕೆ ಸಹಿ ಬೀಳುವುದು ತಮ್ಮ ಇಲಾಖೆಯಲ್ಲೇ. ಅದಕ್ಕೆ ಮೊದಲು ಕಳೆದ ಬಾರಿ ಏನಾಯಿತೆಂದು ಕೇಳಿಸಿಕೊಳ್ಳಿ. ಇಷ್ಟು ವರ್ಷಗಳಲ್ಲಿ ನಮ್ಮನ್ನು ಯಾರೂ ಕೂರಿಸಿ ಕೇಳಿಲ್ಲ.

ಮಂಗಳೂರಿನಿಂದ ಮೂಡುಬಿದಿರೆಗೆ ಬರುವಾಗ ಎಡಪದವು ದಾಟಿದ ಮೇಲೆ ಹೆದ್ದಾರಿಯ ಮೇಲೇ ಸಿಗುವ ಊರು ಮಿಜಾರು. 2020ರ ಫೆಬ್ರವರಿಯಲ್ಲಿ ಇಡೀ ದೇಶ ನಮ್ಮ ಹೆಸರು ಕೇಳಿತ್ತು. ಇಲ್ಲಿನ ಅಶ್ವತ್ಥಪುರದ ಶ್ರೀನಿವಾಸ ಗೌಡರು ಐಕಳ ಕಂಬಳದಲ್ಲಿ 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದ್ದರು. ಕೇಂದ್ರ ಕ್ರೀಡಾ ಸಚಿವರೇ ಅವರನ್ನು ಆಯ್ಕೆ ಪರೀಕ್ಷೆಗೆ ಕರೆದರು. ಟಿ.ವಿ.ಯವರ ವಾಹನಗಳು ಸಾಲುಗಟ್ಟಿ ಬಂದವು. ಮೂರು ತಿಂಗಳ ಮೇಲೆ, ಬೊಂಬಾಯಿಯ ಹೋಟೆಲುಗಳಲ್ಲಿ ಲೋಟ ತೊಳೆದು, ದೋಸೆ ಹೊಯ್ದು, ಗಲ್ಲೆಯಲ್ಲಿ ಕೂತು ಮನೆಗೆ ದುಡ್ಡು ಕಳಿಸುತ್ತಿದ್ದ ಇದೇ ಸೀಮೆಯ ಮಕ್ಕಳು ಕೆಲಸ ಕಳಕೊಂಡು ವಾಪಸಾದಾಗ ಅವರನ್ನು ಕೇಳುವವರು ಇರಲಿಲ್ಲ.

ಜಿಲ್ಲೆಯ ಮೊದಲ ಕೊರೊನಾ ಪ್ರಕರಣ ದೃಢಪಟ್ಟದ್ದು 2020ರ ಮಾರ್ಚ್ 22ರಂದು, ದುಬೈಯಿಂದ ಬಂದಿಳಿದ ಯುವಕನಲ್ಲಿ. ಆಗ ಹೊರದೇಶದಿಂದ ಬಂದವರ ಕೈಗೆ ಸೀಲ್ ಒತ್ತಿ ಮನೆಯಲ್ಲೇ 14 ದಿನ ಇರಲು ಹೇಳುತ್ತಿದ್ದರು. ಗಂಟೆಗೊಂದು ಸೆಲ್ಫಿ ತೆಗೆದು ಕಳಿಸುವ ಆ್ಯಪ್ ಬಂತು. ಮೇ ತಿಂಗಳಲ್ಲಿ ಸೇವಾಸಿಂಧು ಜಾಲತಾಣದಲ್ಲಿ ಪಾಸ್ ಪಡೆದು ಹೊರರಾಜ್ಯದವರು ಬರತೊಡಗಿದಾಗ ನಿಯಮ ಬದಲಾಯಿತು: 14 ದಿನ ಸರಕಾರ ತೋರಿಸಿದ ಜಾಗದಲ್ಲೇ ಇರಬೇಕು. ಆ ತಿಂಗಳು ಮುಗಿಯುವುದರೊಳಗೆ ಏಳು ದಿನ ಅಲ್ಲಿ, ಏಳು ದಿನ ಮನೆಯಲ್ಲಿ ಎಂದಾಯಿತು. ಆಗಸ್ಟ್ 24ಕ್ಕೆ ಸೀಲ್, ನೋಂದಣಿ, ಕ್ವಾರಂಟೈನ್ ಎಲ್ಲವೂ ರದ್ದಾದವು. ರೋಗದ ಬಗ್ಗೆ ತಿಳಿವಳಿಕೆ ಬೆಳೆದಂತೆ ನಿಯಮ ಬದಲಾಗುವುದು ಸಹಜ, ಅದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಬದಲಾದ ನಿಯಮ ಹಳ್ಳಿಗೆ ತಲುಪುತ್ತಿದ್ದದ್ದು ವಾಟ್ಸ್ಆ್ಯಪ್ ಸಂದೇಶವಾಗಿ, ಅದೂ ಹಿಂದಿನ ಆದೇಶವನ್ನು ಓದಿ ಮುಗಿಸುವ ಮೊದಲು. ಪಿಡಿಒ ಒಂದು ಹೇಳುವರು, ಗ್ರಾಮ ಕರಣಿಕರು ಇನ್ನೊಂದು, ಬೀಟ್ ಪೊಲೀಸರು ಮತ್ತೊಂದು. ಅವರಲ್ಲಿ ಯಾರದ್ದೂ ಸುಳ್ಳಲ್ಲ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ದಿನದ ಆದೇಶವಿತ್ತು, ಅಷ್ಟೆ.

ಸರಕಾರ ತೋರಿಸಿದ ಜಾಗವೆಂದರೆ ನಮ್ಮ ಕಡೆ ಶಾಲೆ. ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಎಡವಟ್ಟಿನ ಬೇರು ಇರುವುದು ಇಲ್ಲೇ.

ಸೋಂಕು ತಗಲಿದವನಲ್ಲಿ ಲಕ್ಷಣ ಕಾಣಿಸಲು ಸಾಮಾನ್ಯವಾಗಿ ಐದಾರು ದಿನ ಬೇಕು, ಕೆಲವರಲ್ಲಿ 14 ದಿನದವರೆಗೂ ಹೋಗಬಹುದು. ಹದಿನಾಲ್ಕರ ಲೆಕ್ಕ ಬಂದದ್ದು ಅಲ್ಲಿಂದ. ಅಂದರೆ ಕ್ವಾರಂಟೈನಿನ ದಿನಗಣನೆ ಒಬ್ಬೊಬ್ಬ ಮನುಷ್ಯನದ್ದು ಬೇರೆ ಬೇರೆ. ಸೋಮವಾರ ಬಂದವನ ಕೋಣೆಗೆ ಗುರುವಾರ ಬಂದವನನ್ನು ಸೇರಿಸಿದರೆ ಸೋಮವಾರದವನ ಲೆಕ್ಕ ಮತ್ತೆ ಒಂದರಿಂದ ಶುರು. ಒಂದು ತರಗತಿ ಕೋಣೆಯಲ್ಲಿ ಮೂರು ಬೇರೆ ದಿನ ಬಂದ ಎಂಟು ಜನ, ಎಲ್ಲರಿಗೂ ಒಂದೇ ಶೌಚಾಲಯ, ಒಂದೇ ನಳ್ಳಿ. ಅದೂ ಪುಟ್ಟ ಮಕ್ಕಳ ಬಳಕೆಗೆಂದು ಕಟ್ಟಿದ್ದು. ಬಂದ ದಿನ ರೋಗವಿಲ್ಲದವನಿಗೂ ಹೊರಡುವ ಹೊತ್ತಿಗೆ ರೋಗ ಹತ್ತಲು ಇದಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ. ಹತ್ತು ಹನ್ನೊಂದನೇ ದಿನ ಅವರಲ್ಲೊಬ್ಬನಿಗೆ ಪಾಸಿಟಿವ್ ಬಂದರೆ ಉಳಿದ ಏಳು ಮಂದಿಯ ಗತಿಯೇನು ಎಂಬುದಕ್ಕೆ ಯಾವ ಆದೇಶದಲ್ಲೂ ನಮಗೆ ಅರ್ಥವಾಗುವ ಉತ್ತರ ಇರಲಿಲ್ಲ.

ಇನ್ನು ಊಟ. ಕೆಲವು ಕಡೆ ಪಂಚಾಯತ್ ಕೊಟ್ಟಿತು, ಕೆಲವು ಕಡೆ ದೇವಸ್ಥಾನದವರು, ಯುವಕ ಮಂಡಲದವರು, ಕೆಲವು ಕಡೆ ಮನೆಯಿಂದಲೇ ತರಿಸಿಕೊಳ್ಳಿ ಎಂದರು. ಮನೆಯಿಂದ ಎಂದರೆ ಯಾರು? ವಯಸ್ಸಾದ ತಾಯಿ, ಇಲ್ಲವೇ ಹೆಂಡತಿ. ಗಂಜಿಯ ಟಿಫಿನ್ ಕ್ಯಾರಿಯರ್ ಹಿಡಿದು ಶಾಲೆಯ ಗೇಟಿಗೆ ದಿನಕ್ಕೆ ಎರಡು ಸಲ ನಡೆದು ಬರುವವರು. ಒಳಗಿದ್ದವನು ತಿಂದ ಪಾತ್ರೆ ಅದೇ ಕೈಗೆ ವಾಪಸ್. ಹೀಗಿರುವಾಗ ಗೋಡೆಯ ಒಳಗೆ ಅವನೊಬ್ಬನನ್ನು ಇಟ್ಟು ಏನು ತಡೆದಂತಾಯಿತು?

ಕಾವಲಿಗೆ ನಿಂತವರು ಆಶಾ ಕಾರ್ಯಕರ್ತೆಯರು, ಅಂಗನವಾಡಿ ಶಿಕ್ಷಕಿಯರು, ಶಾಲೆಯ ಮೇಷ್ಟ್ರುಗಳು. ಆರಂಭದ ವಾರಗಳಲ್ಲಿ ಬಟ್ಟೆಯ ಮಾಸ್ಕ್ ಒಂದೇ ಅವರ ಕವಚ. ಬೊಂಬಾಯಿಯವರನ್ನು ಇಲ್ಲಿಗೆ ಯಾಕೆ ತಂದಿರಿ ಎಂದು ಊರವರು ರೇಗಿದ್ದು ಅವರ ಮೇಲೆ. ನಮ್ಮನ್ನು ಯಾವಾಗ ಬಿಡುತ್ತೀರಿ ಎಂದು ಒಳಗಿದ್ದವರು ರೇಗಿದ್ದೂ ಅವರ ಮೇಲೆಯೇ. ರಾಜ್ಯದ ಆಶಾ ಕಾರ್ಯಕರ್ತೆಯರು 2020ರ ಜುಲೈಯಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಮುಷ್ಕರ ಹೂಡಬೇಕಾಯಿತು. 2025ರ ಜನವರಿಯಲ್ಲೂ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನ ಚಳಿಯಲ್ಲಿ ಕೂತಿದ್ದರು, ಆಗ ತಮ್ಮ ಸರಕಾರ 10,000 ರೂಪಾಯಿಯ ಭರವಸೆ ಕೊಟ್ಟು ಎಬ್ಬಿಸಿತು. ಸಾಂಕ್ರಾಮಿಕ ಬಂದಾಗ ಊರನ್ನು ಯಾರ ಹೆಗಲಿಗೆ ಹಾಕುತ್ತೇವೋ ಅವರಿಗೆ ಉಳಿದ ದಿನಗಳಲ್ಲಿ ಬದುಕುವಷ್ಟು ಸಂಬಳವೂ ಇಲ್ಲದಿರುವುದು ಅನ್ಯಾಯ.

ಕ್ವಾರಂಟೈನ್ ಎಂಬುದೇ ವ್ಯರ್ಥ ಎಂದು ನಾನು ಹೇಳುತ್ತಿಲ್ಲ. 2020ರ ಮೇ 12ರ ಸಂಜೆ, ಹೊರದೇಶದಲ್ಲಿ ಸಿಕ್ಕಿಬಿದ್ದವರನ್ನು ಕರೆತರುವ ಮೊದಲ ವಂದೇ ಭಾರತ್ ವಿಮಾನ ದುಬೈಯಿಂದ ಮಂಗಳೂರಿಗೆ ಬಂತು. ಒಂದೇ ವಿಮಾನದಲ್ಲಿ ಬಂದವರು, ಒಂದೇ ದಿನ ಶುರುವಾದ ಲೆಕ್ಕ, ಹೋಟೆಲು ಹಾಸ್ಟೆಲುಗಳ ಕೋಣೆಗಳು, ಬೇಗ ತೆಗೆದ ಗಂಟಲ ದ್ರವ. ಮೂರನೇ ದಿನಕ್ಕೆ ಅವರಲ್ಲಿ 20 ಮಂದಿಗೆ ಸೋಂಕು ಇರುವುದು ಗೊತ್ತಾಯಿತು. ಅವರು ಅಷ್ಟರಲ್ಲಿ ಮನೆ ಸೇರಿದ್ದರೆ ಎಷ್ಟು ಊರುಗಳಿಗೆ ಹಬ್ಬುತ್ತಿತ್ತೋ. ವ್ಯವಸ್ಥೆ ಸರಿಯಿದ್ದಲ್ಲಿ ಕ್ವಾರಂಟೈನ್ ಜೀವ ಉಳಿಸುತ್ತದೆ. ಅದೇ ತಿಂಗಳ ಕೊನೆಗೆ ಪಕ್ಕದ ಉಡುಪಿಯಲ್ಲಿ ಆದದ್ದು ಬೇರೆ. ಸಾವಿರಾರು ಜನ ಮಹಾರಾಷ್ಟ್ರದಿಂದ ಬಂದರು, ಪರೀಕ್ಷಾ ವರದಿಗಳು ರಾಶಿ ಬಿದ್ದವು. ವರದಿ ಕೈಸೇರುವ ಮೊದಲೇ ಮನೆಗೆ ಹೋದವರಿಗೆ ಆಮೇಲೆ ಪಾಸಿಟಿವ್ ಬಂದು, ಆಂಬುಲೆನ್ಸ್ ಮನೆ ಬಾಗಿಲಿಗೆ ಬಂದು, ಮನೆ ಸೀಲ್‌ಡೌನ್ ಆಗಿ, ಹಾಲು ತಂದುಕೊಟ್ಟವರ ಪಟ್ಟಿ ತಯಾರಾಯಿತು. ಜೂನಿನಲ್ಲಿ ಉಡುಪಿ ರಾಜ್ಯದಲ್ಲೇ ಹೆಚ್ಚು ಸೋಂಕಿತರಿದ್ದ ಜಿಲ್ಲೆಯಾಗಿತ್ತು.

ನಮ್ಮ ಮೂಡುಬಿದಿರೆ ತಾಲೂಕಿನಲ್ಲೇ, ಆ ಮೇ ತಿಂಗಳಲ್ಲೇ, ಮುಂಬಯಿಯಿಂದ ಬಂದು ಶಾಲೆಯ ಕ್ವಾರಂಟೈನಿನಲ್ಲಿದ್ದ ವ್ಯಕ್ತಿಯೊಬ್ಬರು ಪ್ರಾಣ ಕಳೆದುಕೊಂಡರು. ಆತ್ಮಹತ್ಯೆ ಎಂದು ವರದಿಯಾಯಿತು. ಅವರ ಮನಸ್ಸಿನಲ್ಲೇನಿತ್ತೋ ನಾನು ಊಹಿಸಲಾರೆ, ಯಾರ ಮೇಲೂ ತಪ್ಪು ಹೊರಿಸಲಾರೆ. ಆದರೆ ತವರಿಗೆ ಬಂದು ಮುಟ್ಟಿದ ಮನುಷ್ಯನನ್ನು ಖಾಲಿ ಶಾಲೆಯಲ್ಲಿ ಇರಿಸುವಾಗ, ಅವನ ಜೊತೆ ದಿನಕ್ಕೊಮ್ಮೆ ಹತ್ತು ನಿಮಿಷ ಮಾತಾಡಲು ಒಬ್ಬರನ್ನು ನೇಮಿಸಬೇಕೆಂಬ ನಿಯಮ ಇರಬೇಕಿತ್ತಲ್ಲವೇ? ಜ್ವರ ಅಳೆಯಲು ಉಪಕರಣ ಕೊಟ್ಟಿದ್ದರು. ಮನುಷ್ಯ ಹೇಗಿದ್ದಾನೆ ಎಂದು ಕೇಳುವ ಕೆಲಸ ಯಾರ ಪಟ್ಟಿಯಲ್ಲೂ ಇರಲಿಲ್ಲ.

ಭಯ ಊರನ್ನು ಎಷ್ಟು ಕಠೋರ ಮಾಡಿತ್ತು ಎಂಬುದಕ್ಕೆ ಅದಕ್ಕೂ ಒಂದು ತಿಂಗಳು ಮೊದಲೇ ಸಾಕ್ಷಿ ಸಿಕ್ಕಿತ್ತು. ಏಪ್ರಿಲ್ 23ರಂದು ಕೊರೊನಾದಿಂದ ತೀರಿಕೊಂಡ ಬಂಟ್ವಾಳದ ವೃದ್ಧೆಯೊಬ್ಬರ ಶವ ಸಂಸ್ಕಾರಕ್ಕೆ ಪಚ್ಚನಾಡಿಯಲ್ಲಿ ಜನ ಅಡ್ಡ ನಿಂತರು. ಜಾಗ ಹುಡುಕುತ್ತಾ ಹೋಗಿ, ಕೊನೆಗೆ ಬಿ.ಸಿ. ರೋಡಿನ ಕೈಕುಂಜೆಯಲ್ಲಿ ಅದೂ ವಿರೋಧದ ನಡುವೆಯೇ ಚಿತೆ ಹೊತ್ತಿತು. ಸಿಡುಬಿನ ಕಾಲದ ಕತೆಗಳನ್ನು ಹೇಳುವ ಹಿರಿಯರು ನಮ್ಮಲ್ಲಿ ಈಗಲೂ ಕೆಲವರಿದ್ದಾರೆ. ರೋಗಿಯನ್ನು ಬೇರೆ ಗುಡಿಸಲಿನಲ್ಲಿ ಇಡುತ್ತಿದ್ದರಂತೆ, ಆದರೆ ಒಮ್ಮೆ ಸಿಡುಬು ಬಂದು ಬದುಕಿದವರೊಬ್ಬರು ಅವನ ಬಳಿ ಇರುತ್ತಿದ್ದರಂತೆ. ಮಳೆಗಾಲದ ಆಟಿ ತಿಂಗಳಲ್ಲಿ ಕಳಂಜ ವೇಷದವನು ಮನೆಮನೆಗೆ ಬಂದು ಮಾರಿ ಕಳೆಯುತ್ತಾನೆಂದು ನಂಬಿದ ಸೀಮೆ ಇದು. ರೋಗವನ್ನು ದೂರ ಕಳಿಸಬೇಕು, ರೋಗಿಯನ್ನಲ್ಲ ಎಂಬ ತಿಳಿವಳಿಕೆ ನಮಗೆ ಹೊಸದೇನಲ್ಲ. ಅದನ್ನು ನೆನಪಿಸುವ ಧ್ವನಿ ಆಡಳಿತದಿಂದ ಹೊತ್ತಿಗೆ ಸರಿಯಾಗಿ ಬರಲಿಲ್ಲ.

ಬಂದ ಧ್ವನಿ ಬೇರೆಯದು. ಮೇ 25ರಂದು ದೇಶದೊಳಗಿನ ವಿಮಾನ ಸಂಚಾರ ಮತ್ತೆ ಶುರುವಾಯಿತು. ಅಂದು ನಮ್ಮದೇ ಜಿಲ್ಲೆಯ ಸುಳ್ಯದವರಾದ, ಆಗ ಕೇಂದ್ರ ಸಚಿವರಾಗಿದ್ದ ಡಿ.ವಿ. ಸದಾನಂದ ಗೌಡರು ದೆಹಲಿಯಿಂದ ಬೆಂಗಳೂರಿಗೆ ಬಂದಿಳಿದು, ದೆಹಲಿಯಿಂದ ಬಂದವರಿಗೆ ಕಡ್ಡಾಯವಾಗಿದ್ದ ಸಾಂಸ್ಥಿಕ ಕ್ವಾರಂಟೈನಿಗೆ ಹೋಗದೆ ಕಾರು ಹತ್ತಿದರು. ಔಷಧ ಖಾತೆ ನನ್ನದು, ನನಗೆ ವಿನಾಯಿತಿ ಇದೆ ಎಂದರು. ರಾಜ್ಯ ಸರಕಾರವೂ ಹೌದು ಎಂದಿತು. ಕಾನೂನಿನ ಪ್ರಕಾರ ಅದು ಸರಿಯೇ ಇದ್ದಿರಬಹುದು. ಶಾಲೆಯ ಬೆಂಚುಗಳನ್ನು ಜೋಡಿಸಿ ಮಲಗಿದ್ದ ಹೋಟೆಲ್ ಕಾರ್ಮಿಕ ಮೊಬೈಲಿನಲ್ಲಿ ಆ ಸುದ್ದಿ ನೋಡಿದಾಗ ಅವನಿಗೆ ಸರಕಾರದ ಮೇಲಿದ್ದ ಕೊನೆಯ ನಂಬಿಕೆಯೂ ಹೋಯಿತು. ಮರುದಿನದಿಂದ ಹಿಂಬಾಗಿಲಿನ ಮೂಲಕ ರಾತ್ರಿ ಮನೆಗೆ ಹೋಗಿ ಬರುವವರನ್ನು ತಡೆಯಲು ಆಶಾ ಕಾರ್ಯಕರ್ತೆಯ ಬಳಿ ಯಾವ ಮಾತು ಉಳಿದಿತ್ತು? 2021ರ ನವೆಂಬರಿನಲ್ಲಿ ಬೆಂಗಳೂರಿನ ಹೋಟೆಲಿನಲ್ಲಿ ಪ್ರತ್ಯೇಕವಾಗಿರಬೇಕಿದ್ದ ವಿದೇಶಿ ಪ್ರಯಾಣಿಕ ಖಾಸಗಿ ಲ್ಯಾಬಿನ ನೆಗೆಟಿವ್ ವರದಿ ತೋರಿಸಿ ದುಬೈಗೆ ಹಾರಿದರು. ದೇಶದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳಲ್ಲಿ ಒಂದು ಅವರದ್ದೆಂದು ತಿಳಿಯುವಾಗ ಅವರು ಹೋಗಿ ದಿನಗಳಾಗಿದ್ದವು. ಒಂದೂವರೆ ವರ್ಷದಲ್ಲಿ ನಾವು ಕಲಿತದ್ದು ಇಷ್ಟೇ.

ತಲಪಾಡಿಯ ಗಡಿಯನ್ನೂ ಮರೆಯುವಂತಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ರಸ್ತೆ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿಯಿಲ್ಲದೆ ತೀರಿಕೊಂಡರು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕಾಸರಗೋಡಿನಲ್ಲಿ ನಮ್ಮ ಭಾಷೆಯವರೂ ನಮ್ಮ ನೆಂಟರೂ ಇದ್ದಾರೆ. ಅದೇ ಗಡಿಯ ಆಚೆ ಕೇರಳದಲ್ಲಿ ಮಾರ್ಚ್ ಮುಗಿಯುವ ಮೊದಲೇ ಕುಟುಂಬಶ್ರೀ ಸ್ವಸಹಾಯ ಸಂಘಗಳ ಮಹಿಳೆಯರು ಸಮುದಾಯ ಅಡುಗೆಮನೆಗಳನ್ನು ಶುರುಮಾಡಿ, ಪ್ರತ್ಯೇಕವಾಗಿದ್ದವರಿಗೆ ಊಟ ಕಟ್ಟಿ ಕಳಿಸುತ್ತಿದ್ದರು. ನಮ್ಮಲ್ಲೂ ಸ್ತ್ರೀಶಕ್ತಿ ಸಂಘಗಳಿದ್ದವು, ಶಾಲೆಗಳಲ್ಲಿ ಬಿಸಿಯೂಟದ ಅಡುಗೆಮನೆಗಳಿದ್ದವು, ಅಡುಗೆಯವರಿದ್ದರು. ಅಡುಗೆ ಮಾಡಿ ಎಂದು ಹೇಳುವ ಆದೇಶ, ಅದರ ಹಿಂದೆ ಒಂದಿಷ್ಟು ಹಣ, ಇವೆರಡು ಬರಲಿಲ್ಲ.

ಕೊರೊನಾ ಕಾಲದ ಅಕ್ರಮಗಳ ತನಿಖೆಗೆ ತಮ್ಮ ಸರಕಾರ 2023ರಲ್ಲಿ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಅವರ ಆಯೋಗವನ್ನು ನೇಮಿಸಿತು, 2024ರ ಆಗಸ್ಟಿನಲ್ಲಿ ಮಧ್ಯಂತರ ವರದಿಯೂ ಬಂತು. ಪಿಪಿಇ ಕಿಟ್, ಔಷಧ, ಉಪಕರಣಗಳ ಖರೀದಿಯಲ್ಲಿ ನುಂಗಿದ ಹಣ ಹೊರಬರಲೇಬೇಕು. ಆದರೆ ಕಳೆದುಹೋದದ್ದು ಹಣ ಮಾತ್ರ ಅಲ್ಲ. ಯಾವ ಶಾಲೆಯಲ್ಲಿ ಎಷ್ಟು ಜನರಿದ್ದರು, ವರದಿ ಬರಲು ಎಷ್ಟು ದಿನ ಹಿಡಿಯಿತು, ಒಳಗೆ ಬಂದ ಮೇಲೆ ಸೋಂಕು ತಗಲಿದವರು ಎಷ್ಟು, ಅಲ್ಲೇ ಸತ್ತವರು ಎಷ್ಟು ಎಂಬುದು ಪಂಚಾಯತುಗಳ ರಿಜಿಸ್ಟರುಗಳಲ್ಲಿ ಇದೆ. ಅವು ಗೆದ್ದಲು ತಿನ್ನುವ ಮೊದಲು ತರಿಸಿಕೊಳ್ಳಿ. ನಮ್ಮ ಮಳೆಗಾಲ ಕಾಗದಕ್ಕೆ ಕರುಣೆ ತೋರುವುದಿಲ್ಲ.

ಇದು ಹಳೆಯ ದೂರಲ್ಲ. 2018ರಲ್ಲಿ ಕೋಝಿಕ್ಕೋಡಿನಲ್ಲಿ ನಿಪಾ ಕಾಣಿಸಿತು, 2023ರಲ್ಲಿ ಮತ್ತೆ ಅಲ್ಲೇ, 2024ರಲ್ಲಿ ಮಲಪ್ಪುರಂನಲ್ಲಿ. ರೋಗಿಯ ಸಂಪರ್ಕಕ್ಕೆ ಬಂದವರನ್ನು ಅದರಲ್ಲಿ 21 ದಿನ ಪ್ರತ್ಯೇಕವಾಗಿ ಇಡಬೇಕು. ಸಾವಿನ ಪ್ರಮಾಣ ಕೊರೊನಾಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಕೋಝಿಕ್ಕೋಡಿನಿಂದ ಮಂಗಳೂರಿಗೆ ರೈಲಿನಲ್ಲಿ ಕೆಲವೇ ಗಂಟೆಗಳ ದಾರಿ, ಅಲ್ಲಿಂದ ನಮ್ಮೂರಿಗೆ ಒಂದು ಬಸ್ಸು. ನಾಳೆ ಹತ್ತು ಮಂದಿಯನ್ನು 21 ದಿನ ಇಡಬೇಕೆಂದರೆ ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿ ತಾಲೂಕುಗಳಲ್ಲಿ ಎಲ್ಲಿ ಇಡುತ್ತೀರಿ? ಕೋಣೆಗೊಂದು ಶೌಚಾಲಯವಿರುವ ಕಟ್ಟಡ ಯಾವುದು, ಅದರ ಕೀಲಿ ಯಾರ ಬಳಿ, ಊಟದ ಹಣ ಯಾವ ಲೆಕ್ಕದಿಂದ, ವರದಿ ಎಷ್ಟು ಗಂಟೆಯಲ್ಲಿ ಬರಬೇಕು, ಮನೆಯವರಿಗೆ ದಿನದ ಕೂಲಿ ಯಾರು ಕೊಡುತ್ತಾರೆ, ಸಚಿವರಾದರೂ ಕಾರ್ಮಿಕನಾದರೂ ಒಂದೇ ನಿಯಮವೇ? ಈ ಪ್ರಶ್ನೆಗಳಿಗೆ ಕನ್ನಡದಲ್ಲಿ, ಎರಡು ಪುಟಗಳಲ್ಲಿ ಉತ್ತರ ಬರೆಸಿ, ಪ್ರತಿ ಗ್ರಾಮ ಪಂಚಾಯತಿನ ಗೋಡೆಗೆ ಹಚ್ಚಿಸಿ. ರೋಗ ಬರುವ ಮೊದಲು, ಸಮಾಧಾನದಲ್ಲಿ ಕೂತು ಬರೆದದ್ದು ಮಾತ್ರ ರೋಗದ ದಿನ ಕೆಲಸಕ್ಕೆ ಬರುತ್ತದೆ.

ಮಂಗಳೂರಿನಲ್ಲಿ ತಮ್ಮ ಅಧ್ಯಕ್ಷತೆಯಲ್ಲಿ ನಡೆಯುವ ಮುಂದಿನ ಕೆಡಿಪಿ ಸಭೆಯಲ್ಲಿ ಇದನ್ನು ಒಂದು ವಿಷಯವಾಗಿ ಇಡಬೇಕೆಂದು ಕೇಳಿಕೊಳ್ಳುತ್ತೇನೆ. ಸಭೆಗೆ ಅಧಿಕಾರಿಗಳ ಜೊತೆ 2020ರಲ್ಲಿ ಶಾಲೆಗಳ ಬಾಗಿಲಲ್ಲಿ ನಿಂತಿದ್ದ ಇಬ್ಬರು ಆಶಾ ಕಾರ್ಯಕರ್ತೆಯರನ್ನೂ, ಒಳಗೆ ಮಲಗಿದ್ದ ಇಬ್ಬರು ಹೋಟೆಲ್ ಕಾರ್ಮಿಕರನ್ನೂ ಕರೆಸಿ, ಮೊದಲು ಅವರಿಂದಲೇ ಮಾತಾಡಿಸಿ. ಬರಲು ಸಿದ್ಧರಿರುವವರು ನಮ್ಮ ತೆಂಕಮಿಜಾರು ಗ್ರಾಮ ಪಂಚಾಯತಿನ ವ್ಯಾಪ್ತಿಯಲ್ಲೇ ಇದ್ದಾರೆ.

ಇಂತಿ,
ಮಿಜಾರಿನ ಒಬ್ಬ ನಿವಾಸಿ