ಮದುವೆಯ ಮಿತಿಯೂ ಮದುವೆಯ ದಾನವೂ

ಲಗ್ನದ ಕಾಲ ಒದಗಿತೆಂದರೆ ಚಾಮರಾಜನಗರ, ಗುಂಡ್ಲುಪೇಟೆಗಳಲ್ಲಿ ಕಲ್ಯಾಣಮಂಟಪಗಳು ಎಷ್ಟು ತುಂಬುವುವೋ ಊರ ಹೊರಗಿನ ತಿಪ್ಪೆಗಳೂ ಅಷ್ಟೇ ತುಂಬುವುವು. ಇದನ್ನು ಕಂಡು ಮನಸ್ಸು ನೊಂದ ಕೆಲವು ವಿದ್ಯಾವಂತ ಮನೆತನಗಳವರು ಈಚೆಗೆ ಪರಿಸರಸ್ನೇಹಿ ವಿವಾಹವೆಂಬ ಮಾತನ್ನು ಆಡತೊಡಗಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಆ ಹೆಸರಿನಿಂದ ನಡೆಯುತ್ತಿರುವುದಾದರೂ ಏನು? ವಧೂವರರ ಹೆಸರನ್ನು ಅಚ್ಚುಹಾಕಿಸಿದ ಬಟ್ಟೆಯ ಚೀಲವೊಂದು, ಬಾಗಿಲಲ್ಲಿ ಹಂಚುವ ಗಿಡವೊಂದು. ಮಿಕ್ಕ ದುಂದುವೆಚ್ಚವೆಲ್ಲವೂ ಯಥಾಪ್ರಕಾರ. ಎರಡು ಸಾವಿರ ಜನರನ್ನು ಕರೆದು, ಇಪ್ಪತ್ತು ಬಗೆಯ ಭಕ್ಷ್ಯಗಳನ್ನು ಬಡಿಸಿ, ಆ ಬಳಿಕ ಒಂದು ಅನಾಥಾಲಯಕ್ಕೆ ಉಳಿದ ಅನ್ನವನ್ನು ಕಳುಹಿಸಿದರೆ ಧರ್ಮವಾಯಿತೆಂದು ತಿಳಿಯುವುದು ಸರ್ವಥಾ ಸಲ್ಲದು. ಮೊದಲು ಮಿತಿ, ಅನಂತರ ದಾನ. ಮಿತಿಯನ್ನು ಮೊದಲು ಹಾಕಿಕೊಳ್ಳತಕ್ಕವರು ಬಡವರಲ್ಲ, ಉಳ್ಳವರು.

ನಮ್ಮ ಸೀಮೆಯ ಹಳೆಯ ಮದುವೆಯು ಈ ವಿಷಯದಲ್ಲಿ ಬುದ್ಧಿವಂತಿಕೆಯದಾಗಿದ್ದಿತು. ಊರವರೇ ಹೊಂಗೆ, ಅತ್ತಿಗಳ ಸೊಪ್ಪನ್ನು ತಂದು ಚಪ್ಪರ ಹಾಕುತ್ತಿದ್ದರು; ನಾಲ್ಕು ದಿನದ ಮೇಲೆ ಅದು ಗೊಬ್ಬರವಾಗುತ್ತಿದ್ದಿತು. ಮುತ್ತುಗದ ಎಲೆ ಇಲ್ಲವೆ ಬಾಳೆಯ ಎಲೆ ಊಟಕ್ಕೆ. ಉಂಡ ಎಲೆ ದನಕ್ಕೆ ಅಥವಾ ತಿಪ್ಪೆಗೆ. ಬಂಧುಗಳು ತರುತ್ತಿದ್ದ ಮುಯ್ಯಿಯು ಬರಿಯ ಉಡುಗೊರೆಯಾಗಿರಲಿಲ್ಲ, ಮದುವೆಯ ಭಾರವನ್ನು ಹತ್ತು ಹೆಗಲುಗಳು ಹೊರುವ ಏರ್ಪಾಟಾಗಿದ್ದಿತು. ಆ ಕಾಲದಲ್ಲಿ ಎಲ್ಲವೂ ಚೆನ್ನಾಗಿದ್ದಿತೆಂದು ನಾವು ಹೇಳುವುದಿಲ್ಲ. ಅದೇ ಚಪ್ಪರದ ಹೊರಗೆ ದೂರದಲ್ಲಿ ಕುಳಿತು ಎಲೆಗಾಗಿ ಕಾಯಬೇಕಾಗಿದ್ದ ಜನರೂ ಇದ್ದರು. ಆ ಪದ್ಧತಿಯು ತೊಲಗಬೇಕಾದದ್ದೇ. ಆದರೆ ತೊಲಗಬೇಕಾದದ್ದು ಇನ್ನೂ ಪೂರ್ತಿ ತೊಲಗದೆ, ಉಳಿಯಬೇಕಾದ ಚಪ್ಪರವೂ ಎಲೆಯೂ ತೊಲಗಿರುವುದು ವಿಷಾದಕರ.

ನೀರಿನ ವಿಷಯವನ್ನು ನೋಡೋಣ. ಹಳ್ಳಿಹಳ್ಳಿಗೂ ಕೊಳವೆಬಾವಿಯ ನೀರನ್ನು ಒದಗಿಸಿ ‘ನೀರ್ ಸಾಬ್’ ಎಂದು ಜನರಿಂದ ಕರೆಯಿಸಿಕೊಂಡ ಸಚಿವ ಅಬ್ದುಲ್ ನಜೀರ್ ಸಾಬ್ ಅವರು ಗುಂಡ್ಲುಪೇಟೆಯವರು. 1988ರಲ್ಲಿ ಅವರು ತೀರಿಕೊಂಡರು. ಅವರ ಊರಿನಲ್ಲಿಯೇ ಇಂದು ಮದುವೆಯ ಊಟಕ್ಕೆ ಎಲೆಗೊಂದರಂತೆ ಪ್ಲಾಸ್ಟಿಕ್ ನೀರಿನ ಶೀಸೆಯನ್ನು ಇಡದಿದ್ದರೆ ಬೀಗರು ಮುಖ ಸಿಂಡರಿಸುವರು. ಎರಡು ಗುಟುಕು ಕುಡಿದು ಬಿಟ್ಟ ಶೀಸೆಗಳು ರಾಶಿ ರಾಶಿಯಾಗಿ ಎಲ್ಲಿಗೆ ಹೋಗುವುವು? ಬಂಡೀಪುರದ ಕಾಡು ಈ ತಾಲ್ಲೂಕಿನ ಅಂಗಳದಲ್ಲಿಯೇ ಇದೆ. ರಸ್ತೆಯ ಮಗ್ಗುಲಿಗೆ ಸುರಿದ ಎಂಜಲಿನ ವಾಸನೆಯನ್ನು ಹಿಡಿದು ಬಂದ ದನವೂ ಜಿಂಕೆಯೂ ಅನ್ನದೊಡನೆ ಪ್ಲಾಸ್ಟಿಕ್ಕನ್ನೂ ನುಂಗುತ್ತವೆ. ತಾಮ್ರದ ಇಲ್ಲವೆ ಉಕ್ಕಿನ ಕೊಳಗದಲ್ಲಿ ನೀರಿಟ್ಟು, ಲೋಟದಲ್ಲಿ ಬಡಿಸುವುದಕ್ಕೆ ನಾಲ್ಕು ಆಳುಗಳು ಹೆಚ್ಚಾಗಿ ಬೇಕಾದಾವು. ಬೇಕಾಗಲಿ, ಶೀಸೆಗೆ ಕೊಡುವ ಹಣವು ಊರಿನ ನಾಲ್ವರ ಕೈಸೇರಿದರೆ ನಷ್ಟವೇನು?

ಸರಕಾರವು ಈ ವಿಷಯದಲ್ಲಿ ಕಾನೂನು ಮಾಡಿಲ್ಲವೆನ್ನುವಂತಿಲ್ಲ. 2016ರ ಮಾರ್ಚಿಯಲ್ಲಿಯೇ ಕರ್ನಾಟಕ ಸರಕಾರವು ಪ್ಲಾಸ್ಟಿಕ್ಕಿನ ಚೀಲ, ತಟ್ಟೆ, ಲೋಟ, ಚಮಚಗಳನ್ನೂ ಊಟದ ಮೇಜಿನ ಮೇಲೆ ಹಾಸುವ ಹಾಳೆಯನ್ನೂ ನಿಷೇಧಿಸಿತು. 2022ರ ಜುಲೈ 1ರಿಂದ ಇಡೀ ದೇಶದಲ್ಲಿ ಪ್ಲಾಸ್ಟಿಕ್ಕಿನ ತಟ್ಟೆ ಲೋಟಗಳಿಗೂ ಅಲಂಕಾರದ ಥರ್ಮೋಕೋಲಿಗೂ ನಿಷೇಧ ಬಂದಿತು. ಆದರೂ ಆ ಮೇಜಿನ ಹಾಳೆಯನ್ನು ಪಂಕ್ತಿಯಿಂದ ಪಂಕ್ತಿಗೆ ಎಂಜಲಿನೊಡನೆ ಸುರುಳಿಸುತ್ತಿರುವುದನ್ನು ಕಾಣದವರಾರು? ನಿಷೇಧಾಜ್ಞೆಯನ್ನು ಜಾರಿಮಾಡಬೇಕಾದ ಅಧಿಕಾರಿಗಳೇ ಆ ಹಾಳೆಯ ಮುಂದೆ ಕುಳಿತು ಹೋಳಿಗೆಯನ್ನು ಸವಿಯುತ್ತಿರುವಾಗ ಬಡ ಅಡಿಗೆಯವನಿಗೆ ದಂಡ ಹಾಕುವ ಕೈ ಎಲ್ಲಿಂದ ಬಂದೀತು?

ಇನ್ನು ಅನ್ನದ ಮಾತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಆ ನಗರದ 75 ಕಲ್ಯಾಣಮಂಟಪಗಳನ್ನು ಪರೀಕ್ಷಿಸಿ, ಅಲ್ಲಿನ ಮದುವೆಗಳಲ್ಲಿ ವರ್ಷಕ್ಕೆ 943 ಟನ್ನುಗಳಷ್ಟು ಒಳ್ಳೆಯ ಆಹಾರವು ವ್ಯರ್ಥವಾಗುತ್ತಿರುವುದೆಂದು 2012ರಲ್ಲಿ ಲೆಕ್ಕಹಾಕಿ ತಿಳಿಸಿದರು. ನಮ್ಮ ಊರುಗಳು ಬೆಂಗಳೂರಲ್ಲ ನಿಜ. ಆದರೆ ಬೆಂಗಳೂರಿನ ಮದುವೆಯನ್ನು ನೋಡಿ ಬಂದು ಇಲ್ಲಿ ಅದರ ಪ್ರತಿಬಿಂಬವನ್ನು ನಿಲ್ಲಿಸಬೇಕೆಂಬ ಹಟವು ಇಲ್ಲಿಯೂ ಹೊಕ್ಕಿದೆ. ಮದುವೆ, ಆರತಕ್ಷತೆ, ಬೀಗರೂಟವೆಂದು ಅದದೇ ಜನರಿಗೆ ಮೂರು ಸಾರಿ ಔತಣ. ಎಲೆಯ ಮೇಲೆ ಬಡಿಸಿದ್ದರಲ್ಲಿ ಅರ್ಧವನ್ನು ಮುಟ್ಟದೆ ಏಳುವುದೇ ಮರ್ಯಾದೆ. ಇಲ್ಲಿ ಮಿತಿಯನ್ನು ಹಾಕಿ ಉಳಿಸಿದ ಅಕ್ಕಿ ಬೇಳೆಗಳನ್ನು ಮದುವೆಗೆ ಮುಂಚೆಯೇ, ಹಸಿಯ ದವಸವಾಗಿಯೇ, ಬಡ ಮಕ್ಕಳ ವಿದ್ಯಾರ್ಥಿನಿಲಯಕ್ಕೆ ಕೊಟ್ಟರೆ ಅದು ದಾನ. ಮಧ್ಯಾಹ್ನದ ಮೂರು ಗಂಟೆಗೆ ಹಳಸುತ್ತಿರುವ ಸಾರನ್ನು ಅವರ ಬಾಗಿಲಿಗೆ ಕಳುಹಿಸುವುದು ನಮ್ಮ ಮನೆಯ ಪಾತ್ರೆಯನ್ನು ಬರಿದುಮಾಡಿಕೊಳ್ಳುವ ಉಪಾಯವಷ್ಟೆ.

ಅಲಂಕಾರಕ್ಕೆ ದೂರ ಹೋಗಬೇಕಾಗಿಲ್ಲ. ಮುಂಗಾರಿನಲ್ಲಿ ಗುಂಡ್ಲುಪೇಟೆಯ ಹೆದ್ದಾರಿಯ ಎರಡು ಮಗ್ಗುಲಲ್ಲಿಯೂ ಚೆಂಡುಹೂವಿನ ಹೊಲಗಳು ಅರಿಸಿನವನ್ನು ಚೆಲ್ಲಿದಂತೆ ಕಂಗೊಳಿಸುತ್ತವೆ. ಆ ಹೂವು ಬಣ್ಣ ತೆಗೆಯುವ ಕಾರಖಾನೆಗಳಿಗೂ ಓಣಮ್ಮಿನ ಕಾಲಕ್ಕೆ ಕೇರಳಕ್ಕೂ ಹೋಗುತ್ತದೆ. ಬೆಲೆ ಬಿದ್ದರೆ ರೈತನು ತಲೆಯ ಮೇಲೆ ಕೈಹೊತ್ತು ಕೂರುತ್ತಾನೆ. ಆ ಊರಿನ ಮಂಟಪದಲ್ಲಿಯೇ ಪ್ಲಾಸ್ಟಿಕ್ ಹೂವಿನ ಕಮಾನು! ಧಾರೆಯ ಸೀರೆಗೆ ನಮ್ಮ ಜಿಲ್ಲೆಯ ಕೊಳ್ಳೇಗಾಲದ ರೇಷ್ಮೆಯುಂಟು, ಬಾಳೆಯೆಲೆಗೆ ಇಲ್ಲಿಯ ತೋಟಗಳುಂಟು. ಮದುವೆಯ ಹಣವು ಊರಿನಲ್ಲಿಯೇ ಸುತ್ತಿದರೆ ಅರ್ಧ ದಾನವು ಕೇಳದೆಯೇ ಆದಂತಾಯಿತು.

ಗಿಡ ಹಂಚುವವರಿಗೊಂದು ಮಾತು. ಚಾಮರಾಜನಗರದ ಒಣಭೂಮಿಯಲ್ಲಿ ಬಿಸಿಲಿನ ತಿಂಗಳಲ್ಲಿ ಪ್ಲಾಸ್ಟಿಕ್ ಚೀಲದ ಅಲಂಕಾರದ ಗಿಡವನ್ನು ಕೊಟ್ಟರೆ ಅದು ಬಸ್ಸಿನ ಸೀಟಿನ ಕೆಳಗೇ ಒಣಗುವುದು. ನೂರು ಗಿಡ ಹಂಚುವುದಕ್ಕಿಂತ ಹತ್ತು ಹೊಂಗೆಯನ್ನೋ ಹುಣಿಸೆಯನ್ನೋ ಬೇವನ್ನೋ ಮಳೆಗಾಲದಲ್ಲಿ ಶಾಲೆಯ ಅಂಗಳದಲ್ಲಿ ನೆಟ್ಟು, ಎರಡು ಬೇಸಗೆ ನೀರೆರೆಯುವ ಆಳಿನ ಕೂಲಿಯನ್ನು ಮುಂಗಡವಾಗಿ ಕೊಡುವುದು ಮೇಲು. ಇದರಲ್ಲಿ ಛಾಯಾಚಿತ್ರಕ್ಕೆ ಅವಕಾಶ ಕಡಮೆ, ಅದೊಂದೇ ಕೊರತೆ.

‘ನಾಲ್ಕು ಜನ ಏನೆಂದಾರು?’ ಎಂಬ ಆಕ್ಷೇಪಣೆಯು ಬಂದೇ ಬರುವುದು. 2020ರಲ್ಲಿ ಮಹಾಮಾರಿಯ ಕಾರಣದಿಂದ ಮದುವೆಗೆ ಐವತ್ತೇ ಜನರೆಂಬ ಅಪ್ಪಣೆಯಾದಾಗ ಮದುವೆಗಳು ನಿಂತುವೆ? ಆಗ ಯಾರೂ ಏನೂ ಅನ್ನಲಿಲ್ಲ. ಅದಕ್ಕೂ ಬಹಳ ಹಿಂದೆ, 1966ರಲ್ಲಿ, ಕುವೆಂಪು ಅವರು ಮಗನಾದ ತೇಜಸ್ವಿಯವರ ವಿವಾಹವನ್ನು ಮಂತ್ರಮಾಂಗಲ್ಯದ ಸರಳಕ್ರಮದಲ್ಲಿ ನಡೆಯಿಸಿದರು; ಅವರ ಮರ್ಯಾದೆಗೇನೂ ಕುಂದುಬರಲಿಲ್ಲ. ವಸ್ತುತಃ ನಾಲ್ಕು ಜನರ ಮಾತಿಗೆ ಹೆದರಿ ಹಾಳಾಗುವವನು ಉಳ್ಳವನಲ್ಲ. ವಕೀಲರ ಮನೆಯ ಆರತಕ್ಷತೆಯನ್ನು ಕಂಡ ಎರಡೆಕರೆಯ ರೈತನು ತನ್ನ ಮಗಳಿಗೂ ಅಂಥದೇ ಮಂಟಪವಾಗಬೇಕೆಂದು ಸಾಲಮಾಡುವನು, ಕಡೆಗೆ ಆ ಎರಡೆಕರೆಯನ್ನೂ ಬರೆದುಕೊಡುವನು. ಆ ಸಾಲದಲ್ಲಿ ವಕೀಲರದೂ ಒಂದು ಪಾಲಿದೆ.

ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳು ನಡೆದು ಬಂದಿವೆ. ನಮ್ಮ ನೆರೆಯ ಸುತ್ತೂರಿನ ಜಾತ್ರೆಯಲ್ಲಿಯೂ, ನಮ್ಮದೇ ಜಿಲ್ಲೆಯ ಮಲೆಯ ಮಹದೇಶ್ವರನ ಬೆಟ್ಟದಲ್ಲಿಯೂ ಇಂಥ ಮದುವೆಗಳಾಗಿವೆ. 2020ರಲ್ಲಿ ಮುಜರಾಯಿ ಇಲಾಖೆಯೂ ‘ಸಪ್ತಪದಿ’ಯೆಂಬ ಹೆಸರಿನಿಂದ ದೇವಾಲಯಗಳಲ್ಲಿ ಇದನ್ನು ಆರಂಭಿಸಲು ಯೋಜಿಸಿತು. ಒಂದೇ ಚಪ್ಪರ, ಒಂದೇ ಅಡಿಗೆ, ಒಂದೇ ಓಲಗ. ಇದಕ್ಕಿಂತ ಮಿತವ್ಯಯದ ಮದುವೆ ಯಾವುದು? ಆದರೂ ಅದಕ್ಕೆ ಬಡವರ ಮದುವೆಯೆಂಬ ಹಣೆಪಟ್ಟಿ ಅಂಟಿಕೊಂಡಿದೆ. ಕಾರಣ ಸ್ಪಷ್ಟವಾಗಿದೆ. ದೊಡ್ಡ ಮನುಷ್ಯರು ಅಲ್ಲಿಗೆ ಅಕ್ಷತೆ ಹಾಕಿ ಆಶೀರ್ವದಿಸಿ ಭಾಷಣ ಮಾಡುವುದಕ್ಕೆ ಹೋಗುತ್ತಾರೆಯೇ ಹೊರತು ತಮ್ಮ ಮಕ್ಕಳನ್ನು ಆ ಹಸೆಯ ಮೇಲೆ ಕೂರಿಸುವುದಿಲ್ಲ. ಜಿಲ್ಲೆಯ ಹತ್ತು ಮಂದಿ ಅಧಿಕಾರಿಗಳೂ ವರ್ತಕರೂ ಒಂದು ವರ್ಷ ಮನಸ್ಸುಮಾಡಿ ತಮ್ಮ ಮಕ್ಕಳ ಮದುವೆಯನ್ನು ಆ ಸಾಲಿನಲ್ಲಿಯೇ ನಡೆಯಿಸಿ, ಉಳಿದ ಹಣದಿಂದ ಪಕ್ಕದ ಹಸೆಯ ವಧೂವರರಿಗೆ ಒಂದು ಹಸುವನ್ನೋ ಹೊಲಿಗೆಯ ಯಂತ್ರವನ್ನೋ ಸದ್ದಿಲ್ಲದೆ ಒದಗಿಸಲಿ. ಆ ಹಣೆಪಟ್ಟಿಯು ತಾನಾಗಿ ಕಳಚುವುದು.

ಈ ಮಾತುಕತೆಯು ನಡೆಯಬೇಕಾದದ್ದು ಚಪ್ಪರದ ದಿನ ಅಲ್ಲ. ನಿಶ್ಚಿತಾರ್ಥವಾದ ಸಂಜೆ, ಲಗ್ನಪತ್ರಿಕೆಯು ಅಚ್ಚಿಗೆ ಹೋಗುವ ಮೊದಲು, ಅಡಿಗೆಯವರಿಗೆ ಮುಂಗಡ ಕೊಡುವ ಮೊದಲು, ಎರಡು ಕಡೆಯ ಹಿರಿಯರೂ ಹೆಂಗಸರೂ ಕೂಡಿ ಕರೆಯುವವರ ಪಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತುಕೊಳ್ಳಬೇಕು. ವಧುವನ್ನೂ ವರನನ್ನೂ ಆ ಕೂಟದಿಂದ ಹೊರಗಿಡಬಾರದು. ಪಟ್ಟಿಯಲ್ಲಿ ಮೊದಲ ಗೆರೆಯನ್ನು ಎಳೆಯುವ ಧೈರ್ಯವು ಅನೇಕ ವೇಳೆ ಅವರಿಗೇ ಇರುತ್ತದೆ.