ದೂರದರ್ಶಕಕ್ಕೆ ಕ್ಯಾಮೆರಾ, ಅಂಗಳಕ್ಕೆ ಕತ್ತಲೆ

ಮಳೆ ಹಿಂದೆಗೆದು ಅಡಿಕೆ ಕೊಯ್ಲು ಆರಂಭವಾಗುವ ಹೊತ್ತಿಗೆ ಮಲೆನಾಡಿನ ಆಕಾಶ ತೊಳೆದಿಟ್ಟಂತೆ ತಿಳಿಯಾಗುತ್ತದೆ. ದೂರದರ್ಶಕದಲ್ಲಿ ಕಂಡದ್ದನ್ನು ಚಿತ್ರವಾಗಿ ಹಿಡಿದಿಡುವುದು ಹೇಗೆಂದು ವಿದ್ಯಾರ್ಥಿಗಳು ಕೇಳುವ ಕಾಲವಿದು. ಅದಕ್ಕೆ ದುಬಾರಿ ಸಲಕರಣೆಯೇ ಬೇಕೆಂಬ ಭಾವನೆ ಬಲವಾಗಿದೆ. ಅದು ಅರ್ಧ ಮಾತ್ರ ನಿಜ.

1840ರಲ್ಲಿ ನ್ಯೂಯಾರ್ಕಿನ ಜಾನ್ ವಿಲಿಯಂ ಡ್ರೇಪರ್ ಚಂದ್ರನ ಚಿತ್ರ ತೆಗೆದಾಗ ಬೆಳ್ಳಿ ಲೇಪಿಸಿದ ತಗಡಿನ ಮೇಲೆ ಬಿಂಬ ಮೂಡಲು ಸುಮಾರು 20 ನಿಮಿಷ ಹಿಡಿಯಿತು. ಇಂದು ಜೇಬಿನಲ್ಲಿರುವ ಫೋನಿಗೆ ಸೆಕೆಂಡಿನ ಒಂದು ಅಂಶ ಸಾಕು. ಫೋನಿನ ಮಸೂರವನ್ನು ಐಪೀಸಿಗೆ ನೇರವಾಗಿ ಹಿಡಿದರಾಯಿತು. ಕೈ ನಡುಗುತ್ತದೆಯಾದ್ದರಿಂದ ಹಿಡಿಕೆಯೊಂದನ್ನು ಬಿಗಿದು, ಟೈಮರ್ ಇಟ್ಟು ದೂರ ನಿಲ್ಲುವುದು ಒಳ್ಳೆಯದು. ಹುಣ್ಣಿಮೆಗಿಂತ ಅಷ್ಟಮಿಯ ಚಂದ್ರನೇ ಮೇಲು. ಓರೆಬೆಳಕಿನಲ್ಲಿ ಕುಳಿಗಳ ನೆರಳು ಉದ್ದವಾಗಿ ಬಿದ್ದಿರುತ್ತದೆ.

ಮಸೂರ ಕಳಚಬಹುದಾದ ಕ್ಯಾಮೆರಾ ಇದ್ದರೆ ಐಪೀಸನ್ನೂ ತೆಗೆದು, ದೂರದರ್ಶಕವನ್ನೇ ಕ್ಯಾಮೆರಾದ ಮಸೂರವಾಗಿಸಬಹುದು. ಇದಕ್ಕೆ ಟಿ-ರಿಂಗ್ ಎಂಬ ಬಳೆಯೂ ಒಂದೂಕಾಲು ಇಂಚಿನ ಕೊಳವೆಯೂ ಬೇಕು. ಬಳೆ ನಿಮ್ಮ ಕ್ಯಾಮೆರಾದ ಕಂಪನಿಗೆ ಹೊಂದಬೇಕು; ಕೊಳವೆಯ ಕಡೆಯ 42 ಮಿ.ಮೀ. ತಿರುಪು ಎಲ್ಲಕ್ಕೂ ಒಂದೇ. 1000 ಮಿ.ಮೀ. ಸಂಗಮದೂರದ ದೂರದರ್ಶಕದಲ್ಲಿ ಚಂದ್ರಬಿಂಬ ಸುಮಾರು 9 ಮಿ.ಮೀ. ಅಗಲ ಮೂಡುತ್ತದೆ. ಕನ್ನಡಿಯ ದೂರದರ್ಶಕ ಕೊಂಡವರು ಎಡವುವುದು ಇಲ್ಲಿಯೇ. ಎಷ್ಟು ತಿರುಗಿಸಿದರೂ ಬಿಂಬ ಸ್ಪಷ್ಟವಾಗದು, ಏಕೆಂದರೆ ಬೆಳಕು ಕೂಡುವ ಜಾಗ ಕ್ಯಾಮೆರಾದೊಳಗಿನ ಫಲಕವನ್ನು ತಲುಪುವುದೇ ಇಲ್ಲ. ನಡುವೆ ಬಾರ್ಲೋ ಮಸೂರವಿಟ್ಟರೆ ಆ ಜಾಗ ಹಿಂದಕ್ಕೆ ಸರಿಯುತ್ತದೆ. ಉಪಕರಣ ಕೆಟ್ಟಿದೆಯೆಂದು ಮೂಲೆಗೆಸೆಯುವ ಮುನ್ನ ಇದನ್ನು ನೆನೆಯಿರಿ.

ಚಂದ್ರನನ್ನು ದಾಟಿ ನೀಹಾರಿಕೆಗಳತ್ತ ಹೊರಟರೆ ಭೂಮಿಯ ಭ್ರಮಣೆಯೇ ಅಡ್ಡಿ. ಎರಡು ನಿಮಿಷಗಳಲ್ಲಿ ಆಕಾಶ ಚಂದ್ರನ ಅಗಲದಷ್ಟು ಸರಿಯುತ್ತದೆ, ನಕ್ಷತ್ರಗಳು ಗೆರೆಗಳಾಗುತ್ತವೆ. ಜೊತೆಗೆ ತಿರುಗುವ ಮೋಟಾರಿನ ಪೀಠ ಬೇಕು, ಅದರ ಅಕ್ಷ ಧ್ರುವದತ್ತ ನೆಟ್ಟಿರಬೇಕು. ನಮ್ಮಲ್ಲಿ ಧ್ರುವನಕ್ಷತ್ರ ದಿಗಂತದಿಂದ ಕೇವಲ 13–14 ಡಿಗ್ರಿ ಎತ್ತರದಲ್ಲಿದೆ; ತೋಟದ ಮನೆಗಳಿಗೆ ಅದು ಗುಡ್ಡದ ಮರೆಯಲ್ಲಿಯೇ ಉಳಿಯುತ್ತದೆ. ಉತ್ತರಕ್ಕೆ ತೆರೆದ ಬ್ಯಾಣವನ್ನು ಹಗಲಿನಲ್ಲೇ ಹುಡುಕಿಡಬೇಕು. ಹಣವಿದ್ದರೆ ಮೊದಲು ಗಟ್ಟಿ ಪೀಠಕ್ಕೆ, ಕ್ಯಾಮೆರಾಕ್ಕೆ ಆಮೇಲೆ ಎಂಬುದು ನಮ್ಮ ಅಭಿಪ್ರಾಯ.

ಮಳೆಗಾಲದಲ್ಲಿ ಮಸೂರಗಳಿಗೆ ಬೂಸಲು ಹಿಡಿಯುತ್ತದೆ. ಬೆಚ್ಚಗಿರಲೆಂದು ಹೊಗೆಯಟ್ಟದ ಮೇಲಿಡಬೇಡಿ, ಅಡಿಕೆಗೆ ಹಿತವಾದದ್ದು ಗಾಜಿಗಲ್ಲ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಸಹಿತ ಇಡಿ. ಸೂರ್ಯನತ್ತ ಮಾತ್ರ, ದೂರದರ್ಶಕದ ಮುಂಬಾಯಿಗೆ ಸೌರಶೋಧಕ ಬಿಗಿಯದೆ, ಎಂದಿಗೂ ತಿರುಗಿಸಬಾರದು. ಕ್ಯಾಮೆರಾ ಸುಡುವುದಕ್ಕೂ ಕಣ್ಣು ಹೋಗುವುದಕ್ಕೂ ಕ್ಷಣ ಸಾಕು.

ಇಷ್ಟೆಲ್ಲ ಹೊಂದಿಸಿ ಮಹಾವ್ಯಾಧನ ನೀಹಾರಿಕೆಯತ್ತ ಕ್ಯಾಮೆರಾ ತೆರೆದಾಗ ಚಿತ್ರದಲ್ಲಿ ಬೂದುಬಣ್ಣದ ಮಬ್ಬು ತುಂಬಿದ್ದರೆ, ತಪ್ಪು ನಿಮ್ಮದಾಗಿರಲಿಕ್ಕಿಲ್ಲ. ಬೆಳ್ಳನೆಯ ಎಲ್‌ಇಡಿ ದೀಪಗಳಲ್ಲಿ ನೀಲಿಯ ಪಾಲು ಹೆಚ್ಚು, ಗಾಳಿಯಲ್ಲಿ ಚೆದುರುವುದೂ ಅದೇ ಹೆಚ್ಚು. ನಮ್ಮ ಕಣ್ಣು ಗಮನಿಸದ ಈ ಹೊಳಪನ್ನು ಕ್ಯಾಮೆರಾ ಸೆಕೆಂಡು ಸೆಕೆಂಡಾಗಿ ಕೂಡಿಟ್ಟು ತೋರಿಸುತ್ತದೆ. ಪೇಟೆಯವರು ನೂರಾರು ಮೈಲಿ ಅರಸಿ ಹೋಗುವ ಕತ್ತಲೆ ನಮ್ಮ ಅಂಗಳದಲ್ಲಿ ಇನ್ನೂ ಇದೆ. ಆದರೆ ರಾತ್ರಿಯಿಡೀ ಯಾರಿಗಾಗಿಯೂ ಅಲ್ಲದೆ ಉರಿಯುವ ಒಂದು ಕಂಬದ ದೀಪ ಅದನ್ನು ಕಸಿಯಬಲ್ಲದು. ಬೆಳಕಿನ ಸಂಕೇತದಿಂದಲೇ ಸಂಗಾತಿಯನ್ನು ಕರೆಯುವ ಮಿಂಚುಹುಳುಗಳಿಗೂ ಅದು ತೊಡಕೇ.

ದೀಪವೇ ಬೇಡವೆಂದು ನಾವು ಹೇಳುತ್ತಿಲ್ಲ. ಬೆಳಕು ನೆಲಕ್ಕೆ ಬೀಳುವಂತೆ ಮೇಲೊಂದು ತಗಡಿನ ಮುಚ್ಚಳ, ಸಾಧ್ಯವಾದಲ್ಲಿ ಹಳದಿ ಬಲ್ಬು, ಇಷ್ಟೇ. ಅಮಾವಾಸ್ಯೆಯ ರಾತ್ರಿ ದೀಪ ಆರಿಸಿ ಒಂದು ಚಿತ್ರ, ಉರಿಸಿ ಇನ್ನೊಂದು ಚಿತ್ರ ತೆಗೆಯಿರಿ. ಕ್ಯಾಮೆರಾದ ಹೊಂದಿಕೆಗಳು ಎರಡಕ್ಕೂ ಒಂದೇ ಇರಲಿ. ಮುಂದಿನ ಗ್ರಾಮಸಭೆಗೆ ಅವೆರಡನ್ನೂ ಒಯ್ಯಿರಿ.